ಹಲವಾಗಲಿನ ಪಾಯಿಂಟ್ ಟೂಟೂ

ಹರಪನಹಳ್ಳಿಯಲ್ಲಿ ಬಂದೂಕು ಮುಟ್ಟಿದವರು ಕಡಿಮೆ, ಬಂದೂಕಿನ ವಿಷಯ ಬಲ್ಲವರು ಊರು ತುಂಬ. ಇದು ನನಗೆ ತಿಳಿದದ್ದು ಲೈಸೆನ್ಸು ಕೈಗೆ ಬಂದ ದಿನ. ಝೆರಾಕ್ಸ್ ಅಂಗಡಿಯವನು ಅದರ ನಾಲ್ಕು ಪ್ರತಿ ತೆಗೆಯುವಷ್ಟರಲ್ಲಿ ನಾಲ್ಕು ಸಲಹೆ ಕೊಟ್ಟ. "ಹಳೇದು ತಗೋರಿ ಮೇಡಂ. ಈಗಿನವು ಏನದಾವ್ರಿ, ಬರೇ ತಗಡು." ಪಕ್ಕದಲ್ಲಿ ಆಧಾರ್ ಕಾರ್ಡಿಗೆ ಪ್ಲಾಸ್ಟಿಕ್ ಹಾಕಿಸಿಕೊಳ್ಳುತ್ತಿದ್ದ ಹಿರಿಯರೊಬ್ಬರು ತಡೆಯಲಾರದೆ, "ಹಳೇದು ತಗಂಡು ಉಪ್ಪಿನಕಾಯಿ ಹಾಕ್ತಾರನು? ಸಾಮಾನು ಸಿಗ್ತಾವನ್ರಿ ಅದಕ್ಕ?" ಎಂದರು. ಇಬ್ಬರಿಗೂ ನಾನು ಯಾರೆಂದು ಗೊತ್ತಿಲ್ಲ, ಇಬ್ಬರೂ ಬಂದೂಕು ಹಿಡಿದವರಲ್ಲ. ಆದರೂ ಅಂಗಡಿ ಬಿಡುವ ಹೊತ್ತಿಗೆ ಅವರಿಬ್ಬರ ನಡುವೆ ಜಗಳ ಹತ್ತಿತ್ತು. ನಮ್ಮ ಶಾಲೆಯ ಹೆಡ್‌ಮಾಸ್ಟರು ಮಾತ್ರ ಹಳೆಯದೋ ಹೊಸದೋ ಎಂದು ಕೇಳಲಿಲ್ಲ. "ಸ್ಟಾಫ್ ಮೀಟಿಂಗಿಗೆ ತರಂಗಿಲ್ಲ ಅಲ್ರಿ?" ಎಂದಷ್ಟೇ ಕೇಳಿ ಖಾತ್ರಿ ಮಾಡಿಕೊಂಡರು.

ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಮಕ್ಕಳ ಬಾಯಲ್ಲಿ ಪೀಟಿ ಮೇಡಂ. ನನ್ನ ಬಾಯಿ ಜೋರು, ಸೀಟಿ ಅದಕ್ಕಿಂತ ಜೋರು. ಹುಟ್ಟಿ ಬೆಳೆದದ್ದು ಕೊಟ್ಟೂರು. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್, ಹಳಿಯ ಪಕ್ಕದಲ್ಲೇ ನಮ್ಮ ಕೇರಿ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದು ದೇಶಸೇವೆಗೆ ಎಂದು ಸರ್ಟಿಫಿಕೇಟಿನಲ್ಲಿ ಬರೆದಿದೆ. ಸೇರಿದ್ದು ನಿಜವಾಗಿ ಪರೇಡಿನ ನಂತರ ಕೊಡುತ್ತಿದ್ದ ಪೂರಿ-ಸಾಗುಗೆ. ಆದರೆ ಒಂದು ಬೆಳಿಗ್ಗೆ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿಸಿ, ಕೈಗೆ ಸಣ್ಣ ಗುಂಡಿನ ಪಾಯಿಂಟ್ ಟೂಟೂ ರೈಫಲ್ ಕೊಟ್ಟರು. ಐದು ತೋಟಾ. ಐದನೆಯದನ್ನು ಹಾರಿಸಿ ಎದ್ದಾಗ ನನಗೆ ಪೂರಿಯ ನೆನಪೇ ಇರಲಿಲ್ಲ. ಆ ವರ್ಷದ ಕ್ಯಾಂಪಿನಲ್ಲಿ ಗುರಿ ಹೊಡೆಯುವುದರಲ್ಲಿ ನಾನೇ ಮೊದಲು. ಬಹುಮಾನ ಒಂದು ಸ್ಟೀಲಿನ ಟಿಫಿನ್ ಕ್ಯಾರಿಯರ್. ಅದನ್ನು ಅಪ್ಪ ನಿವೃತ್ತಿಯಾಗುವ ತನಕ ಹಳಿಯ ಮೇಲೆ ಒಯ್ದ.

ಆಮೇಲೆ ಓದು, ನೌಕರಿ, ಮದುವೆ, ಮಗಳು. ಸುಮಾರು ಮೂವತ್ತು ವರ್ಷ ರೈಫಲ್ ಮುಟ್ಟಲಿಲ್ಲ. ಮರೆತೆ ಎಂದರೆ ಸುಳ್ಳು. ಐವತ್ತು ತುಂಬುವುದರೊಳಗೆ ನನ್ನದೇ ಒಂದು ರೈಫಲ್ ಇರಬೇಕು, ಯಾರ ಮರ್ಜಿಯೂ ಇಲ್ಲದೆ ನಾನು ಮಲಗಿ ಗುರಿ ಹಿಡಿಯಬೇಕು ಎಂಬ ಆಸೆ ಒಳಗೇ ಕುದಿಯುತ್ತಿತ್ತು. ನಮ್ಮ ಕೇರಿಯಲ್ಲಿ ಬಂದೂಕೆಂದರೆ ದೊಡ್ಡ ಮನೆಗಳ ಪಡಸಾಲೆಯಲ್ಲಿ ಗೂಟಕ್ಕೆ ತೂಗುವ ಪದಾರ್ಥ, ನಾವು ಹೊಸ್ತಿಲಾಚೆ ನಿಂತು ನೋಡುವಂಥದ್ದು. ಆ ಮನೆಗಳಿಂದ ನಮ್ಮ ಮನೆಗೆ ಬಂದದ್ದು ಬೇರೆ ಸಾಮಾನು: ಅಂಚು ಹರಿದ ಸೀರೆ, ತಳ ಸವೆದ ಕೊಡ, ಇಲಿ ಕಡಿದ ಕಂಬಳಿ. ಕೊಡುವಾಗೆಲ್ಲ ಒಂದೇ ಮಾತು: "ತಗೊಂಡು ಹೋಗು, ಹಳೇದಾದ್ರೂ ಬಾಳ ಗಟ್ಟಿ ಐತಿ." ಈ ಮಾತು ಕೇಳಿದರೆ ನನಗೆ ಈಗಲೂ ಅಂಗಾಲಿನಿಂದ ನೆತ್ತಿಯ ತನಕ ಉರಿ ಏರುತ್ತದೆ.

ಲೈಸೆನ್ಸು ಸಿಕ್ಕ ಕತೆಯನ್ನು ಹೇಳಹೊರಟರೆ ಅದೇ ಒಂದು ಪುರಾಣ. ನಮ್ಮ ತಾಲ್ಲೂಕು ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ದಾವಣಗೆರೆಯಿಂದ ಬಳ್ಳಾರಿಗೆ ಮರಳಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ತಾಲ್ಲೂಕೇ ಹೀಗೆ ನೆಂಟರ ಮನೆ ಸುತ್ತುತ್ತಿದ್ದರೆ ಕಾಗದಪತ್ರಗಳು ಒಂದು ಕಡೆ ಕೂತಾವೆಯೇ? ಕೊನೆಗೆ ವಿಚಾರಣೆಗೆ ಪೊಲೀಸರೊಬ್ಬರು ಬಂದು, "ಗಂಡ ಹೆಂಡ್ತಿ ಜಗಳ ಆಡ್ತಾರನ್ರಿ?" ಎಂದು ಪಕ್ಕದ ಮನೆಯಾಕೆಯನ್ನು ಕೇಳಿದರು. ಆಕೆ, "ದಿನಾ ಆಡ್ತಾರ್ರಿ. ಆದ್ರ ಮೇಡಮ್ಮಾರ ಗೆಲ್ತಾರ, ಬಂದೂಕೇನು ಬೇಕಾಗಂಗಿಲ್ಲ" ಎಂದಳು. ಆ ಸಾಕ್ಷಿಯ ಬಲದ ಮೇಲೆಯೇ ನನಗೆ ಲೈಸೆನ್ಸು ಸಿಕ್ಕಿತು ಎಂದು ನನ್ನ ಗಂಡನ ವಾದ. ಏನಾದರಾಗಲಿ, ಕ್ರೀಡೆಗೆಂದು ಒಂದು ಪಾಯಿಂಟ್ ಟೂಟೂ, ಇಂತಿಷ್ಟು ದಿನದೊಳಗೆ ಕೊಳ್ಳಬೇಕು ಎಂದು ಬರೆದಿತ್ತು. ಒಂದೇ ಲೈಸೆನ್ಸು, ಒಂದೇ ರೈಫಲ್. ಎರಡು ಕೊಂಡು ಒಂದನ್ನು ಅಟ್ಟಕ್ಕೆ ಹಾಕುವಷ್ಟು ದೊಡ್ಡ ಮನೆ ನಮ್ಮದಲ್ಲ.

ಗಂಡನದು ಪಂಪ್ ಮೋಟಾರು ರೀವೈಂಡಿಂಗ್ ಅಂಗಡಿ. ಜಗತ್ತಿನ ಸಕಲ ವಿಷಯವನ್ನೂ ಆತ ಮೋಟಾರಿನಿಂದಲೇ ಅಳೆಯುತ್ತಾನೆ. "ಹಳೇ ಮೋಟ್ರು ಬಿಚ್ಚಿ ನೋಡ್ಲೇ," ಎಂದ, "ಒಳಗ ತಾಮ್ರ, ಮ್ಯಾಲ ಬೀಡುಕಬ್ಬಿಣ. ಸುಟ್ರೂ ಮತ್ತ ಸುತ್ತಬೌದು. ಈಗಿನವು ಅಲ್ಯೂಮಿನಿಯಂ. ಸುಟ್ಟರ ಗುಜರಿಗೇ ಹಾಕ್ಬೇಕು. ಬಂದೂಕೂ ಹಂಗಾ. ಹಳೇದು ಹುಡುಕು." ಹುಡುಕುವ ಕೆಲಸ ನನಗೆ ಬಿಡದೆ ತಾನೇ ಹುಡುಕಿಕೊಂಡು ಬಂದ. ಹಲವಾಗಲಿನಲ್ಲಿ ಹೊಳೆದಂಡೆಯ ಗೌಡರೊಬ್ಬರು ಪ್ರತಿ ಬೇಸಿಗೆ ಇವನ ಅಂಗಡಿಗೆ ಪಂಪು ತರುವವರು. ಅವರಲ್ಲಿ ಒಂದು ಇಂಗ್ಲೆಂಡಿನ ಪಾಯಿಂಟ್ ಟೂಟೂ ಬೋಲ್ಟ್ ರೈಫಲ್ ಇದೆ. ಸಂಡೂರಿನ ಕಡೆ ಗಣಿಯಲ್ಲಿದ್ದ ಸಾಹೇಬನೊಬ್ಬ ಊರು ಬಿಡುವಾಗ ಅವರ ಅಪ್ಪನಿಗೆ ಮಾರಿದ್ದು. ಗೌಡರಿಗೆ ಎಂಬತ್ತು ಹತ್ತಿರ, ಎರಡೂ ಕಣ್ಣಿಗೆ ಪೊರೆ ತೆಗೆಸಿದ್ದಾರೆ, ಈ ಸಲ ಲೈಸೆನ್ಸು ನವೀಕರಣ ಆಗುವುದಿಲ್ಲ.

ಒಂದು ಭಾನುವಾರ ಬೈಕಿನಲ್ಲಿ ಹೋದೆವು. ಗೌಡರು ಕಟ್ಟೆಯ ಮೇಲೆ ಕಾಯುತ್ತಿದ್ದರು. ಸಣ್ಣ ಆಳು, ದಪ್ಪ ಕನ್ನಡಕ, ಹಣೆಯ ತುಂಬ ವಿಭೂತಿ, ದನಿ ಮಾತ್ರ ಬಾಳ ಮೆತ್ತಗೆ. "ಹಂದಿ ಕಾಟಕ್ಕ ಅಂತ ಲೈಸೆನ್ಸ್ ಇತ್ರಿ," ಎಂದರು. "ಈಗ ಮಕ್ಕಳು ಹೊಲದ ಸುತ್ತ ಸೋಲಾರ್ ಬೇಲಿ ಹಾಕ್ಯಾರ. ಹಂದಿನೂ ಬರಲ್ಲ, ಬಂದೂಕೂ ಬೇಡ. ನಾ ಇದನ್ನ ಮಾರ್ಲಿಲ್ಲ ಅಂದ್ರ ಸ್ಟೇಷನ್‌ಗೆ ಒಪ್ಪಿಸ್ಬೇಕು. ಒಪ್ಪಿಸಿದ್ರ ಒಡದು ಹಾಕ್ತಾರಂತ." ಆಮೇಲೆ ಹೇಳಿದರು: "ಯಾರರ ಗುರಿ ಹೊಡಿಯೋರ ಕೈಗೆ ಹೋಗ್ಲಿ ಅಂತ ನನ್ನಾಸಿ. ರೊಕ್ಕದ ಮಾತು ಆಮ್ಯಾಲ ಆಡಾನ." ಗೂಟಕ್ಕೆ ತೂಗುಹಾಕಲು ಕೇಳಿದ ಇಬ್ಬರಿಗೆ ಅವರು ಆಗಲೇ ಇಲ್ಲ ಎಂದಿದ್ದರಂತೆ.

ರೈಫಲ್ ಬಂದದ್ದು ದೇವರ ಕೋಣೆಯಿಂದ. ತಂದವರು ಗೌಡರ ಹೆಂಡತಿ. ಎತ್ತರದ, ಜೋರು ದನಿಯ ಹೆಂಗಸು; ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ಕೇಳಬೇಕಾಗಿರಲಿಲ್ಲ. ರೈಫಲಿನ ಕಟ್ಟಿಗೆಯ ಮೇಲೆ ಮೂರು ಬೆರಳಿನ ವಿಭೂತಿ, ನಳಿಗೆಯ ಮೇಲೆ ಇನ್ನೊಂದು ಸಲ ವಿಭೂತಿ, ಬೋಲ್ಟಿನ ಮೇಲೆ ಕುಂಕುಮ, ಗುರಿ ನೋಡುವ ಹಿಂದಿನ ಸೈಟಿನ ತೂತಿನಲ್ಲಿ ಒಣಗಿದ ಚೆಂಡುಹೂವಿನ ಎಸಳು. ಇಡೀ ರೈಫಲ್ ಈಗತಾನೇ ಎಣ್ಣೆಸ್ನಾನ ಮಾಡಿ ಎದ್ದ ಹಾಗೆ ಮಿಂಚುತ್ತಿತ್ತು. "ವರ್ಸಾ ಮಾನೋಮಿಗೆ ನಾನಾ ಪೂಜಿ ಮಾಡೋದು," ಎಂದರು ಆಕೆ. "ಗಾಣದ ಶೇಂಗಾ ಎಣ್ಣಿ ಹಾಕ್ತೀನಿ, ಅಂಗಡಿದಲ್ಲ. ಮ್ಯಾಲಷ್ಟೇ ಅಲ್ಲ, ಸಂದಿಗೊಂದಿಗೆಲ್ಲ ಬಿಡ್ತೀನಿ. ಇಪ್ಪತ್ತೆರಡು ವರ್ಸ ಆತು. ಒಂದು ಚೂರು ತುಕ್ಕು ತೋರಿಸ್ರಿ ನೋಡಾನ!" ತುಕ್ಕು ಇರಲಿಲ್ಲ, ಅದು ನಿಜ. ಆಮೇಲೆ ಆಕೆ ಹೇಳಬಾರದ ಮಾತು ಹೇಳಿದರು. "ತಗೊಂಡು ಹೋಗ್ರಿ. ಹಳೇದಾದ್ರೂ ಬಾಳ ಗಟ್ಟಿ ಐತಿ."

ನನಗೆ ಆ ಕ್ಷಣದಲ್ಲೇ ಆ ರೈಫಲ್ ಅರ್ಧ ಬೇಡವಾಯಿತು. ಅದು ಆಗ ನನಗೆ ಗೊತ್ತಾಗಲಿಲ್ಲ.

ಎತ್ತಿ ನೋಡಿದೆ. ತೂಕವಿತ್ತು, ಒಳ್ಳೆಯ ತೂಕ, ಭುಜಕ್ಕೆ ಹೋಗಿ ತಾನಾಗಿ ಕೂರುವಂಥದ್ದು. ಕಡುಗಂದು ಅಕ್ರೋಟ್ ಕಟ್ಟಿಗೆ. ಭುಜಕ್ಕೊತ್ತುವ ಬಟ್ಟಿನ ತುದಿಯಲ್ಲಿ ಎಂದೋ ಬಿರುಕು ಬಿಟ್ಟಲ್ಲಿ ಅಕ್ಕಸಾಲಿಗರಿಂದ ಒಂದು ಹಿತ್ತಾಳೆ ಪಟ್ಟಿ ಬಡಿಸಿದ್ದರು. ಎಲ್ಲ ಉಕ್ಕು, ಗಟ್ಟಿ ಉಕ್ಕನ್ನು ಕಡೆದು ಮಾಡಿದ್ದು. ತೋಟಾ ತುಂಬುವ ಡಬ್ಬಿಯೂ ಉಕ್ಕಿನದೇ. ಈ ಜಾತಿಯ ರೈಫಲಿನಲ್ಲಿ ಬೋಲ್ಟ್ ಎಂದರೆ ಬಾಗಿಲ ಅಗುಳಿ ಇದ್ದ ಹಾಗೆ. ಹಿಡಿ ಎತ್ತಿ ಹಿಂದಕ್ಕೆಳೆದರೆ ತೆರೆಯುತ್ತದೆ, ಮುಂದಕ್ಕೆ ತಳ್ಳಿ ಕೆಳಗೊತ್ತಿದರೆ ತೋಟಾದ ಹಿಂದೆ ಬೀಗ ಬೀಳುತ್ತದೆ. ಅದರ ಹೊಟ್ಟೆಯಲ್ಲಿ ಒಂದು ಸ್ಪ್ರಿಂಗು, ಒಂದು ಪಿನ್ನು. ಟ್ರಿಗರ್ ಎಳೆದಾಗ ಪಿನ್ನು ಚಿಮ್ಮಿ ಬಂದು ತೋಟಾದ ಅಂಚಿಗೆ ಬಡಿಯಬೇಕು. ಪೆಟ್ಟು ಜೋರಾಗಿ ಬಿದ್ದರೆ ಮಾತ್ರ ಅಂಚಿನೊಳಗಿನ ಮದ್ದು ಹೊತ್ತಿಕೊಳ್ಳುತ್ತದೆ. ಇಷ್ಟೇ ವಿದ್ಯೆ. ಗೌಡರ ರೈಫಲಿನ ಬೋಲ್ಟು ಎಳೆಯಲು ನಾನು ಮೊಣಕಾಲು ಕೊಡಬೇಕಾಯಿತು.

ಹೊಲಕ್ಕೆ ಹೋದೆವು. ಏರಿಗೆ ಒರಗಿಸಿ ಮರಳು ತುಂಬಿದ ಸಿಮೆಂಟು ಚೀಲ ನಿಲ್ಲಿಸಿ, ಅದರ ಮೇಲೆ ನನ್ನ ಗಂಡ ಇದ್ದಿಲಿನಲ್ಲಿ ಚಪಾತಿಯಷ್ಟು ದುಂಡಗೆ ಗೆರೆ ಎಳೆದ. ಗೌಡರು ತಮ್ಮ ಕೈಯಾರೆ ಐದು ತೋಟಾ ತುಂಬಿ ಕೊಟ್ಟರು. ನಾನು ಮಲಗಿದೆ. ಮೊದಲನೆಯದು ಹಾರಿತು. ಎರಡನೆಯದಕ್ಕೆ ಟ್ರಿಗರ್ ಎಳೆದರೆ, ನಿದ್ದೆಯಲ್ಲಿದ್ದವರು ಹೂಂಗುಟ್ಟಿದ ಹಾಗೆ ಒಳಗೆ ಏನೋ ಜಾರಿತು, ಅಷ್ಟೇ. ಮೂರನೆಯದೂ ಹಾಗೇ. ನಾಲ್ಕನೆಯದು ಹಾರಿತು. ಐದನೆಯದು ಮತ್ತೆ ಠುಸ್. ಹಾರದ ಮೂರು ತೋಟಾಗಳನ್ನು ತೆಗೆದು ನೋಡಿದೆ. ಅಂಚಿನ ಮೇಲೆ ಪಿನ್ನಿನ ಗುರುತು ಉಗುರಿನಿಂದ ಒತ್ತಿದಷ್ಟೇ ಇತ್ತು.

ಗಂಡ ಓಡಿಹೋಗಿ ಚೀಲ ನೋಡಿ ಬಂದ. "ಎರಡೂ ಒಂದರ ಮಗ್ಗಲಿಗೆ ಒಂದು ಬಿದ್ದಾವ್ಲೇ! ನಡುವ ಒಂದು ಶೇಂಗಾಕಾಳು ಹಿಡಿಸಂಗಿಲ್ಲ!"

"ಎರಡಾ ಗುಂಡಿನಿಂದ ಏನೂ ತಿಳಿಯಂಗಿಲ್ಲ," ಎಂದೆ ನಾನು. ಪುಸ್ತಕದ ಮಾತು ಅದು, ತಪ್ಪೇನಲ್ಲ. ಆದರೆ ಹೇಳಿದ ದನಿಯಲ್ಲಿದ್ದ ಅವಸರ ನನ್ನದು.

ಮನೆಗೆ ಮರಳಿ ಕಟ್ಟೆಯ ಮೇಲೆ ಕೂತು ನಾನು ತೀರ್ಪು ಕೊಟ್ಟೆ. ಮೂವತ್ತು ವರ್ಷ ರೈಫಲ್ ಮುಟ್ಟದವಳು, ಎಂಥ ತೀರ್ಪು! "ಸ್ಪ್ರಿಂಗ್ ಸತ್ತೈತ್ರಿ ಗೌಡ್ರ. ಪಿನ್ನೂ ಸವದೈತಿ. ಇದನ್ನ ಮಾಡೋ ಕಂಪನಿ ಮುಚ್ಚಿ ಯಾವ ಕಾಲ ಆತೋ, ಸಾಮಾನು ಸಿಗಂಗಿಲ್ಲ. ಬ್ಯಾಸರ ಮಾಡ್ಕೋಬ್ಯಾಡ್ರಿ, ಎನ್‌ಸಿಸಿಯಾಗ ನಾ ಇಂಥವು ಎಷ್ಟೋ ನೋಡೀನಿ. ಇದು ಸತ್ತ ಬಂದೂಕು."

ಗೌಡರು ರೈಫಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, "ಅದರ ಒಳಗ..." ಎಂದು ಏನೋ ಹೇಳಹೊರಟರು. ಅಷ್ಟರಲ್ಲಿ ಹೆಂಡತಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಹಿಡಿದು ಹೊರಗೆ ಬಂದರು. ಗೌಡರು ಬಾಯಿ ಮುಚ್ಚಿ ತಟ್ಟೆಗೆ ಕೈ ಚಾಚಿದರು. ನಾನೂ ತಿಂದೆ. ಮಿರ್ಚಿ ಚೆನ್ನಾಗಿತ್ತು.

ಮರುವಾರ ಬಂದೂಕಿನ ಅಂಗಡಿಗೆ ಹೋದೆವು. ಅಂಗಡಿಯವನು ಪೆಟ್ಟಿಗೆಯಿಂದ ಹೊಚ್ಚಹೊಸ ರೈಫಲ್ ತೆಗೆದು ನನ್ನ ಕಣ್ಣೆದುರೇ ಖಾಲಿ ಬೋಲ್ಟ್ ಹಾಕಿ ಟಕ್ ಟಕ್ ಎಂದು ಮೂರು ಸಲ ಹೊಡೆದ. ನನ್ನ ಜೀವ ಹಾರಿಹೋಯಿತು. ಹಳೆಯ ಪಾಯಿಂಟ್ ಟೂಟೂಗಳಲ್ಲಿ ತೋಟಾ ಇಲ್ಲದೆ ಹೀಗೆ ಹೊಡೆದರೆ ಪಿನ್ನು ಹೋಗಿ ನಳಿಗೆಯ ಅಂಚಿಗೇ ಬಡಿದು ಎರಡೂ ಕೆಡುತ್ತವೆ. ಎನ್‌ಸಿಸಿಯಲ್ಲಿ ಯಾರಾದರೂ ಹಾಗೆ ಮಾಡಿದರೆ ರೈಫಲ್ ತಲೆಯ ಮೇಲೆ ಹೊತ್ತು ಮೈದಾನ ಸುತ್ತಿಸುತ್ತಿದ್ದರು. "ಇದಕ್ಕೇನೂ ಆಗಲ್ಲ ಮೇಡಂ, ಹೊಸ ಡಿಸೈನು," ಎಂದ. ಪಿನ್ನು ಅಂಚಿಗೆ ತಾಗುವ ಮೊದಲೇ ನಿಲ್ಲುವಂತೆ ಮಾಡಿದ್ದಾರಂತೆ. ಇನ್ನೂ ಬಾಳ ಇತ್ತು. ಟ್ರಿಗರ್ ಹಗುರ ಮಾಡಿಕೊಳ್ಳಲು ಒಂದು ಸ್ಕ್ರೂ, ಮೇಲೆ ದುರ್ಬೀನು ಕೂರಿಸಲು ಪಟ್ಟಿ, ಸುರಕ್ಷೆಯ ಗುಂಡಿ ಹೆಬ್ಬೆರಳಿಗೇ ಸಿಗುವ ಹಾಗೆ, ಸಾಮಾನು ಯಾವಾಗ ಬೇಕಾದರೂ. ತೂಕ ಗೌಡರ ರೈಫಲಿನ ಮುಕ್ಕಾಲು ಪಾಲೂ ಇಲ್ಲ. ಕಟ್ಟಿಗೆ ಬಿಳಿಯದು, ಬಣ್ಣ ಬಳಿದು ಅಕ್ರೋಟ್ ಎನಿಸಿದ್ದರು.

ಗಂಡ ತೋಟಾ ತುಂಬುವ ಡಬ್ಬಿ ಕೈಗೆತ್ತಿಕೊಂಡು ಮೂಗಿನ ಹತ್ತಿರ ತಂದು, "ಪ್ಲಾಸ್ಟಿಕ್ಕು!" ಎಂದ. "ನೀರಿನ ಟ್ಯಾಂಕಿನ ಬಾಲ್ ಇದ್ದಂಗ ಐತಲ್ಲಲೇ!"

"ನಿಮಗೇನ್ರಿ ಗೊತ್ತು," ಎಂದೆ.

"ಬಂದೂಕು ಗೊತ್ತಿಲ್ಲ. ಪ್ಲಾಸ್ಟಿಕ್ ಗೊತ್ತೈತಿ," ಎಂದ.

ಕೊಂಡೆ. ಪೆಟ್ಟಿಗೆ ಒಡೆದು, ಯಾರ ವಿಭೂತಿಯೂ ಮೆತ್ತದ, ಯಾರ ಮನೆಯ ಗೂಟವೂ ಕಾಣದ ರೈಫಲ್ ಹೆಗಲಿಗೇರಿಸಿದಾಗ ನನಗೆ ಆದ ಸಂತೋಷವನ್ನು ಈಗ ಸುಳ್ಳು ಮಾಡಲಾರೆ. ಅಪ್ಪ ಇದ್ದಿದ್ದರೆ ಕೇರಿ ತುಂಬ ಮೆರವಣಿಗೆ ಮಾಡುತ್ತಿದ್ದ. ಗುರಿ ಅಭ್ಯಾಸದ ರೇಂಜಿಗೆ ಹೋದೆ, ಐವತ್ತು ಮೀಟರಿನಲ್ಲಿ ಹೊಡೆದೆ. ಮೊದಲ ತಿಂಗಳು ಗುಂಡುಗಳು ಸಾಸರಿನಷ್ಟು ಜಾಗದಲ್ಲಿ ಬೀಳುತ್ತಿದ್ದವು, ನಾಲ್ಕು ತಿಂಗಳಿಗೆ ನಿಂಬೆಹಣ್ಣಿನಷ್ಟಕ್ಕೆ ಬಂದವು. ಒಂದು ತೋಟಾವೂ ಹುಸಿ ಹೋಗಲಿಲ್ಲ. ರೈಫಲ್ ಕೆಟ್ಟದ್ದಲ್ಲ, ಅನ್ಯಾಯವಾಗಿ ದೂರಬಾರದು. ಆದರೆ ಗಾಳಿ ಸ್ವಲ್ಪ ಬೀಸಿದರೆ ಹಗುರ ನಳಿಗೆ ಕೈಯಲ್ಲಿ ಅಲ್ಲಾಡುತ್ತಿತ್ತು, ನಿಂಬೆಹಣ್ಣಿಗಿಂತ ಕೆಳಗೆ ಇಳಿಯಲು ಒಲ್ಲೆ ಎನ್ನುತ್ತಿತ್ತು. ಆ ಪ್ಲಾಸ್ಟಿಕ್ ಡಬ್ಬಿಯ ತುಟಿ ಬಿಸಿಲಿಗೆ ಸೆಟೆದುಕೊಂಡು ಒಮ್ಮೊಮ್ಮೆ ತೋಟಾ ಅಡ್ಡ ನಿಲ್ಲುತ್ತಿತ್ತು. ಗಂಡನಿಗೆ ಇದನ್ನು ನಾನು ಹೇಳಲಿಲ್ಲ. ಹೇಳುವಷ್ಟು ದಡ್ಡಿಯಲ್ಲ.

ಆಮೇಲೆ ಚುನಾವಣೆ ಬಂತು. ನಮ್ಮ ದೇಶದಲ್ಲಿ ಚುನಾವಣೆ ಘೋಷಣೆಯಾದ ಕೂಡಲೇ ಮೊದಲು ಒಳಗೆ ಹೋಗುವವು ಲೈಸೆನ್ಸಿನ ಬಂದೂಕುಗಳು. ಭಾಷಣ ಮಾಡುವವರು ಹೊರಗಿರುತ್ತಾರೆ. ಎಲ್ಲರೂ ತಮ್ಮ ತಮ್ಮ ಆಯುಧ ತಂದು ಠಾಣೆಯಲ್ಲಿಟ್ಟು ರಸೀದಿ ಪಡೆಯಬೇಕು. ಠಾಣೆಯ ವರಾಂಡದಲ್ಲಿ ಅವತ್ತು ತಾಲ್ಲೂಕಿನ ಬಂದೂಕುಗಳ ಸಂತೆ. ಸೀರೆಯಲ್ಲಿ ಸುತ್ತಿದವು, ಗೊಬ್ಬರದ ಚೀಲದಲ್ಲಿ ಹಾಕಿದವು, ಕೂಸಿನ ಹಾಗೆ ಕಂಬಳಿಯಲ್ಲಿ ಹೊದಿಸಿ ಎತ್ತಿಕೊಂಡು ಬಂದವು. ನನ್ನದೊಂದೇ ಜಿಪ್ಪಿನ ಚೀಲದಲ್ಲಿತ್ತು, ಬಂದವರಲ್ಲಿ ನಾನೊಬ್ಬಳೇ ಹೆಂಗಸು. ಎಲ್ಲರೂ ನನಗೆ ಮೊದಲು ಹೋಗಲು ದಾರಿ ಬಿಟ್ಟರು. ಹೆದರಿಯೋ, ಗೌರವಕ್ಕೋ, ಎರಡೂ ನಡೆಯುತ್ತದೆ.

ಆಯುಧ ತೆಗೆದುಕೊಳ್ಳುತ್ತಿದ್ದ ಹೆಡ್ ಕಾನ್ಸ್‌ಟೇಬಲ್ಲು ಮೊದಲು ಮಿಲಿಟರಿಯಲ್ಲಿದ್ದವರು. ನನ್ನ ರೈಫಲ್ ಎತ್ತಿ, ಬೋಲ್ಟ್ ಎಳೆದು, ನಳಿಗೆಯಲ್ಲಿ ಕಣ್ಣಿಟ್ಟು ನೋಡಿ, ತಲೆಯಾಡಿಸಿದರು. "ಚಲೋ ಇಟ್ಟೀರಿ ಮೇಡಂ. ನೀವು ಹೊಡೆಯೋರು ಅಂತ ಕಾಣ್ತೈತಿ. ತಡೀರಿ, ನಿಮಗ ಒಂದು ಮಾಲು ತೋರಿಸ್ತೀನಿ." ಒಳಗೆ ಹೋಗಿ ಒಂದು ರೈಫಲ್ ತಂದು ಮೇಜಿನ ಮೇಲಿಟ್ಟರು.

ಕಡುಗಂದು ಅಕ್ರೋಟ್. ಬಟ್ಟಿನ ತುದಿಗೆ ಹಿತ್ತಾಳೆ ಪಟ್ಟಿ. ವಿಭೂತಿ ಇರಲಿಲ್ಲ, ಕುಂಕುಮ ಇರಲಿಲ್ಲ, ಹೂವಿನ ಎಸಳು ಇರಲಿಲ್ಲ.

"ಬೋಲ್ಟ್ ಎಳೀರಿ," ಎಂದರು.

ಎರಡು ಬೆರಳಲ್ಲಿ ಎಳೆದೆ. ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಬಂತು. ಮುಂದಕ್ಕೆ ತಳ್ಳಿದೆ, ಹೋಗಿ ಕೂತುಕೊಂಡಿತು. ನಳಿಗೆಯ ಒಂದು ತುದಿಗೆ ಬಿಳಿ ಕಾಗದ ಹಿಡಿದು ಇನ್ನೊಂದು ತುದಿಯಿಂದ ನೋಡಿದೆ. ಒಳಗಿನ ತಿರುವುಗಳು ಒಂದೊಂದೂ ಎದ್ದು ಕಾಣುತ್ತಿದ್ದವು, ಮೊನ್ನೆ ಕೊರೆದ ಹಾಗೆ.

"ಇದು ಬಂದಾಗ ಬೋಲ್ಟ್ ಅಲ್ಲಾಡ್ತಿರಲಿಲ್ರಿ," ಎಂದು ಆತ ಉತ್ಸಾಹದಿಂದ ಹೇಳುತ್ತಿದ್ದರು. "ಟ್ರಿಗರ್ ಒತ್ತಿ ಬೋಲ್ಟ್ ಹೊರಗ ತಗದು ನೋಡ್ತೀನಿ, ಒಳಗ ಬೆರಳು ದಪ್ಪ ಅಂಟು! ಶೇಂಗಾ ಎಣ್ಣಿ, ವಿಭೂತಿ, ಕುಂಕುಮ ಎಲ್ಲಾ ಕಲತು ಹಲ್ವಾ ಆಗಿ ಒಣಗೈತಿ. ಪಿನ್ನು ಓಡಾಡಾಕ ಜಾಗಾನ ಇಲ್ಲ ಪಾಪ. ಎರಡು ದಿವ್ಸ ಡೀಸೆಲ್‌ನ್ಯಾಗ ನೆನೆ ಹಾಕಿ ತಿಕ್ಕಿದೆ. ಸ್ಪ್ರಿಂಗ್ ನೋಡ್ರಿ, ಹುಲಿ ಇದ್ದಂಗ ಐತಿ!"

ಆಯುಧ ಪೂಜೆಗೆ ನಮ್ಮವರು ಪೂಜೆ ಮಾಡದ ವಸ್ತುವಿಲ್ಲ. ಟ್ರ್ಯಾಕ್ಟರು, ಹೊಲಿಗೆ ಮಷೀನು, ಮಿಕ್ಸರು, ನನ್ನ ಶಾಲೆಯ ಗುಂಡೆಸೆತದ ಗುಂಡು ಎಲ್ಲಕ್ಕೂ ವಿಭೂತಿ, ಎಲ್ಲಕ್ಕೂ ಎಣ್ಣೆ. ಮರುದಿನ ಮಿಕ್ಸರು ತಿರುಗದಿದ್ದರೆ ಮೊದಲು ವಿಭೂತಿ ಒರೆಸುತ್ತೇವೆ, ಆಮೇಲೆ ರಿಪೇರಿಯವನನ್ನು ಕರೆಯುತ್ತೇವೆ. ಇದು ನನಗೆ ಗೊತ್ತಿತ್ತು. ಗಂಡನ ಅಂಗಡಿಗೆ ಪ್ರತಿವರ್ಷ ಮಹಾನವಮಿ ಮುಗಿದ ಮೇಲೆ ಎಣ್ಣೆ ಕುಡಿದ ಮೋಟಾರುಗಳು ಸಾಲುಗಟ್ಟಿ ಬರುತ್ತವೆ. ಇಪ್ಪತ್ತೆರಡು ವರ್ಷದ ಎಣ್ಣೆ ಎಂದು ಆ ತಾಯಿ ಬಾಯಿಬಿಟ್ಟು ಹೇಳಿದ್ದರು. ನನ್ನ ಕಿವಿ ಹಿಡಿದುಕೊಂಡದ್ದು ಅದನ್ನಲ್ಲ, ಅದರ ನಂತರದ ಮಾತನ್ನು.

"ಇದನ್ನ ಯಾರು ತಂದಿಟ್ಟಿದ್ದು?" ಎಂದು ಕೇಳಿದೆ, ಗೊತ್ತಿದ್ದೂ.

"ಇಟ್ಟಿದ್ದಲ್ರಿ, ಕೊಟ್ಟೇ ಬಿಟ್ಟಾರ. ಹಲವಾಗಲ ಗೌಡ್ರು. ಯಾರೋ ಎನ್‌ಸಿಸಿ ಮೇಡಂ ನೋಡಿ ಇದು ಸತ್ತ ಬಂದೂಕು ಅಂದ್ರಂತ. ಸತ್ತದ್ದನ್ನ ಯಾರಿಗಾರ ಮಾರಿದ್ರ ಪಾಪ ಹತ್ತತೈತಿ ಅಂತ ಸರ್ಕಾರಕ್ಕ ಒಪ್ಪಿಸಿ ಬರಕೊಟ್ಟಾರ."

ಯಾವ ಮೇಡಂ ಎಂದು ನ್ಯಾಯವಾಗಿ ನಾನು ಕೇಳಬೇಕಿತ್ತು. ಕೇಳಲಿಲ್ಲ. "ವಾಪಸ್ ಕೊಡಾಕ ಬರಂಗಿಲ್ಲನು?" ಎಂದೆ.

"ಎಲ್ಲಿ ಬರ್ತೈತ್ರಿ. ಲೈಸೆನ್ಸ್ ಮುಗದೈತಿ, ಪಟ್ಟಿ ಮ್ಯಾಲ ಹೋಗೈತಿ, ಆರ್ಡರೂ ಆಗೈತಿ. ಎಲೆಕ್ಷನ್ ಮುಗದ ಮ್ಯಾಲ ಇಂಥವೆಲ್ಲ ಕೂಡಿಸಿ ಒಡದು ಹಾಕ್ತಾರ."

"ಮತ್ತ ಒಡಿಯೋದನ್ನ ಎರಡು ದಿವ್ಸ ಯಾಕ ತಿಕ್ಕಿದ್ರಿ?"

ಆತ ರೈಫಲನ್ನು ಎತ್ತಿಕೊಂಡರು. "ಮಣ್ಣು ಕೊಡೋಕ ಮುಂಚೆ ಮೈ ತೊಳಿಯಂಗಿಲ್ಲನ್ರಿ ಮೇಡಂ?" ಎಂದು ಒಳಗೆ ಹೋದರು.

ಹೊರಗೆ ಬಂದು, ಬೈಕಿನ ಹತ್ತಿರ ಕಾಯುತ್ತಿದ್ದ ಗಂಡನಿಗೆ ಎಲ್ಲವನ್ನೂ ಹೇಳಿದೆ. ನಗುತ್ತಾನೆ ಎಂದುಕೊಂಡಿದ್ದೆ. ನಕ್ಕಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಆತ ಹೆಲ್ಮೆಟ್ ಹಾಕಿಕೊಂಡು, "ಮೋಟ್ರು ಸುಟ್ಟೈತಿ ಅಂತ ಯಾರರ ತಂದ್ರ ನಾ ಮೊದ್ಲು ಬಿಚ್ತೀನಿ, ಆಮ್ಯಾಲ ಮಾತಾಡ್ತೀನಿ," ಎಂದಷ್ಟೇ ಹೇಳಿದ. ನನಗೆ ಅಳು ಬಂತು. ಪೊಲೀಸ್ ಠಾಣೆಯ ಮುಂದೆ ಪೀಟಿ ಮೇಡಂ ಅತ್ತರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಎಂದು ಹಲ್ಲು ಕಚ್ಚಿ ಹತ್ತಿ ಕೂತೆ.

ಬಿಚ್ಚಿ ನೋಡುವುದು ನನಗೆ ಬರುತ್ತಿರಲಿಲ್ಲವೇ? ಬರುತ್ತಿತ್ತು. ಟ್ರಿಗರ್ ಒತ್ತಿ ಹಿಡಿದು ಬೋಲ್ಟ್ ಹಿಂದಕ್ಕೆಳೆದರೆ ಅದು ಕೈಗೆ ಬರುತ್ತದೆ. ಸೀರೆಗೆ ಪಿನ್ನು ಹಾಕುವಷ್ಟೂ ಹೊತ್ತು ಬೇಡ. ಬಿಚ್ಚಲಿಲ್ಲ, ಏಕೆಂದರೆ ಬಿಚ್ಚಿದರೆ ಅದು ಚೆನ್ನಾಗಿದೆ ಎಂದು ತಿಳಿದುಬಿಡುತ್ತಿತ್ತು. ಚೆನ್ನಾಗಿದ್ದರೆ ಒಯ್ಯಬೇಕಾಗುತ್ತಿತ್ತು. ಗೌಡರ ಮನೆಯ ಹಳೆಯದು, ಗಟ್ಟಿಯದು, ಮತ್ತೊಂದು ಸಲ ನಮ್ಮ ಮನೆಗೆ. ಮೂರು ತೋಟಾ ಹಾರದೆ ಹೋದಾಗ ನನಗೆ ಬೇಜಾರಾಗಿರಲಿಲ್ಲ, ನಿರಾಳವಾಗಿತ್ತು. ಇದನ್ನು ಒಪ್ಪಿಕೊಳ್ಳಲು ಹರಪನಹಳ್ಳಿಯಿಂದ ಹಲವಾಗಲಿನ ತನಕ ದಾರಿ ಬೇಕಾಯಿತು. ಹೌದು, ಮರುದಿನವೇ ಹೋದೆ, ಒಬ್ಬಳೇ, ಬಸ್ಸಿನಲ್ಲಿ.

ಗೌಡರು ಅದೇ ಕಟ್ಟೆಯ ಮೇಲಿದ್ದರು. ಹೆಂಡತಿ ಕಂಬಕ್ಕೊರಗಿ ಅವರೆಕಾಯಿ ಸುಲಿಯುತ್ತಿದ್ದರು. "ಬರ್ರಿ ಬರ್ರಿ. ಹೊಸಾ ಬಂದೂಕು ಹೆಂಗೈತಿ?" ಎಂದು ಕೇಳಿದವರು ಆಕೆಯೇ.

ಎಣ್ಣೆಯ ಕತೆ ಹೇಳಬೇಕೆಂದೇ ಬಂದಿದ್ದೆ. ಆಕೆಯ ಮುಖ ನೋಡಿ ಬಾಯಿ ಬರಲಿಲ್ಲ. "ಅಮ್ಮಾರ, ಗೌಡ್ರ," ಎಂದೆ, "ಅವತ್ತು ನಾ ಹೇಳಿದ್ದು ತಪ್ಪು. ನಿಮ್ಮ ಬಂದೂಕು ಸತ್ತಿರಲಿಲ್ಲ. ಠಾಣೆದಾಗ ನೋಡಿದೆ. ಈಗಿನ ಹತ್ತು ಬಂದೂಕಿಗೆ ಸಮ ಐತಿ ಅದು. ನನ್ನ ಮಾತು ಕೇಳಿ ನೀವು ಅದನ್ನ ಕಳಕೊಂಡ್ರಿ. ನನ್ನದಾ ತಪ್ಪು."

ಆಕೆ ಮೊರ ಪಕ್ಕಕ್ಕಿಟ್ಟು ಎದ್ದು ನಿಂತರು. "ನಾ ಹೇಳಿಲ್ಲನು! ಇಪ್ಪತ್ತೆರಡು ವರ್ಸ ಪೂಜಿ ಮಾಡೀನಿ, ಅದು ಹೆಂಗ ಸಾಯ್ತೈತಿ?" ಗಂಡನ ಕಡೆ ತಿರುಗಿ, "ಕೇಳಿದ್ರಾ? ನನ್ನ ಎಣ್ಣಿಯಿಂದಾನ ಅದು ಅಷ್ಟು ದಿವ್ಸ ಬಾಳಿದ್ದು!" ಎಂದು ಗೆದ್ದ ಪೈಲ್ವಾನರ ಹಾಗೆ ಚಹಾ ಮಾಡಲು ಒಳಗೆ ಹೋದರು.

ಒಳಗೆ ಪಾತ್ರೆಯ ಸದ್ದು ಶುರುವಾಗುವ ತನಕ ಗೌಡರು ಬಾಗಿಲ ಕಡೆ ನೋಡುತ್ತಿದ್ದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಎಣ್ಣಿ, ಅಲ್ರಿ?"

"ಹೌದ್ರಿ."

ಭುಜ ಕುಲುಕುವಂತೆ ಸದ್ದಿಲ್ಲದೆ ನಕ್ಕರು. "ನನಗ ಗೊತ್ತಿತ್ತು."

ನನಗೆ ಸಿಟ್ಟು ನೆತ್ತಿಗೇರಿತು. ಕ್ಷಮೆ ಕೇಳಲು ಬಂದವಳು ಎಂಬುದನ್ನೂ ಮರೆತೆ. "ಗೊತ್ತಿದ್ರ ಅವತ್ತ ಹೇಳ್ಬೇಕಿತ್ತಲ್ರಿ ಗೌಡ್ರ! ಒಂದು ಮಾತು ಅಂದಿದ್ರ ಸಾಕಿತ್ತು!"

"ಆಕಿ ಮುಂದ ಹೆಂಗ ಹೇಳ್ಲಿ? ನಿನ್ನ ಪೂಜಿಯಿಂದ ಬಂದೂಕು ಕೆಡ್ತು ಅಂದ್ರ ಆಕಿ ಮಾನೋಮಿಗೆ ಹಿಡದ ಉಪಾಸ ಬಿಡಂಗಿಲ್ಲ, ಊಟಾನ ಮಾಡದ ಕೂಡ್ತಾಳ." ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. "ಅದೂ ಬಿಡ್ರಿ. ನೀವು ಬರ್ತೀರಿ ಅಂದಾಗ ನಾ ಏನಂದಕೊಂಡೆ ಅಂದ್ರ, ಬರೋರು ಕಲ್ತೋರು, ನನಗಿಂತ ತಿಳದೋರು, ನಾನೇನು ಹೇಳೋದು ಬೇಕಿಲ್ಲ, ಕೂತ ಕೂಡ್ಲೆ ಬೋಲ್ಟ್ ಬಿಚ್ಚಿ ನೋಡ್ತಾರ ಅಂತ. ಚೀಲದಾಗ ಎರಡು ಗುಂಡು ಹೆಂಗ ಬಿದ್ದಾವ ಅಂತ ನಿಮ್ಮ ಯಜಮಾನ್ರು ಓಡಿ ಬಂದು ಹೇಳಿದ್ರು, ಆಗರ ಬಿಚ್ತಾರ ಅಂತ ಕಾದೆ. ನೀವು ಬಿಚ್ಚಲಿಲ್ಲ. ಆವಾಗ ತಿಳೀತು, ಇವರಿಗೆ ಇದು ಬೇಡಾಗೈತಿ. ಗೂಟಕ್ಕ ಹಾಕೋರಿಗೆ ಕೊಡಾಕ ಮನಸ್ಸಾಗ್ಲಿಲ್ಲ, ನೀವು ಅಂದದ್ದನ್ನಾ ಠಾಣೆದಾಗ ಹೇಳಿ ಒಪ್ಪಿಸಿದೆ."

ಒಳಗಿಂದ ಚಹಾದ ವಾಸನೆ ಬಂತು. ಅವರು ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿದರು. ಆ ನೋಟದಲ್ಲಿ ಬೈಗುಳ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಬೇಡ ಅನ್ನೋರ ಮನಿಗೆ ಹೆಣ್ಣು ಕೊಡಬಾರದಲ್ರಿ," ಎಂದರು. "ಅದಕ್ಕ ಸುಮ್ನಾದೆ."